ನಾಯಿಯ ಹೊಟ್ಟೆಗೆ ಸೇರಿದ ವಿಟಮಿನ್ ಮಾತ್ರೆ: ಮಾಡಬೇಕಾದುದು, ಮಾಡಬಾರದುದು

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ
ಲೇಖಕರು: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬೆಂಗಳೂರು ದಕ್ಷಿಣ ತಾಲ್ಲೂಕು

1. ಪೀಠಿಕೆ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ನಾಯಿಯ ವಿಷಯ ಬಂದರೆ ಅದು ಬಹುತೇಕ ಕಚ್ಚಿದ ದೂರು, ರೇಬೀಸ್ ಲಸಿಕೆ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದಾಗಿರುತ್ತದೆ. ಸಾಕಿದ ನಾಯಿಯೊಂದು ಮನೆಯೊಳಗಿನ ಮಾತ್ರೆಗಳನ್ನು ತಿಂದು ಅಪಾಯಕ್ಕೆ ಸಿಲುಕಿದ ಸಂಗತಿ ಸಭೆಯವರೆಗೆ ಬರುವುದಿಲ್ಲ. ಅದು ಆಯಾ ಮನೆಯವರ ದುಃಖವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಆದರೆ ಆ ಮಾತ್ರೆಗಳು ಮನೆಗೆ ಬಂದ ದಾರಿಯನ್ನು ನೋಡಿದರೆ ವಿಷಯ ನಮಗೆ ಸಂಬಂಧಿಸಿದ್ದೇ ಎಂಬುದು ತಿಳಿಯುತ್ತದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಕಬ್ಬಿಣಾಂಶದ ಮಾತ್ರೆಗಳು ಗರ್ಭಿಣಿಯರಿಗೆ, ಬಾಣಂತಿಯರಿಗೆ, ಹದಿಹರೆಯದವರಿಗೆ ಮತ್ತು ಶಾಲಾ ಮಕ್ಕಳಿಗೆ ವಿತರಣೆಯಾಗುತ್ತಿವೆ. ಗರ್ಭಿಣಿಯೊಬ್ಬರಿಗೆ ಒಟ್ಟು 180 ದಿನಗಳ ಮಾತ್ರೆಗಳನ್ನು ಕೊಡಬೇಕೆಂಬುದು ಕ್ರಮ. ಇದರ ಜೊತೆಗೆ ಕ್ಯಾಲ್ಸಿಯಂ ಮಾತ್ರೆ, ಔಷಧದ ಅಂಗಡಿಯಿಂದ ತಂದ ವಿಟಮಿನ್ ಡಿ3 ಪುಡಿ, ವಯಸ್ಸಾದವರ ನರದ ಮಾತ್ರೆ, ಕೊಟ್ಟಿಗೆಯಲ್ಲಿ ಹಸುವಿನ ಟಾನಿಕ್ಕು. ಹೀಗೆ ಇಂದು ವಿಟಮಿನ್ ಇಲ್ಲದ ಮನೆ ಅಪರೂಪ.

ಈ ಮಾತ್ರೆಗಳನ್ನು ಜನರು ‘ಶಕ್ತಿಯ ಮಾತ್ರೆ’ ಎಂದು ಕರೆಯುತ್ತಾರೆ. ಶಕ್ತಿ ಕೊಡುವ ವಸ್ತು ಕೇಡು ಮಾಡಲಾರದು ಎಂಬ ನಂಬಿಕೆ ಆ ಹೆಸರಿನಲ್ಲಿಯೇ ಇದೆ. ಮನುಷ್ಯನಿಗೆ ನಿಗದಿಯಾದ ಪ್ರಮಾಣ ಹದಿನೈದು ಕೆ.ಜಿ. ತೂಕದ ಪ್ರಾಣಿಯ ಹೊಟ್ಟೆಗೆ ಒಮ್ಮೆಗೇ ಹಲವು ಪಟ್ಟು ಸೇರಿದಾಗ ಏನಾಗುತ್ತದೆ, ಆಗ ಏನು ಮಾಡಬೇಕು, ಇದರಲ್ಲಿ ಪಂಚಾಯಿತಿ ಏನು ಮಾಡಬಹುದು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

2. ಜರಗನಹಳ್ಳಿಯ ಒಂದು ಪ್ರಸಂಗ

ನಾನು ವಾಸವಾಗಿರುವುದು ಕನಕಪುರ ರಸ್ತೆಯ ಜರಗನಹಳ್ಳಿಯಲ್ಲಿ. ಹಿಂದೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋಗಿರುವ ಊರು. ಹಳೆಯ ಮನೆಗಳಲ್ಲಿ ಈಗಲೂ ಜಗಲಿ ಇದೆ, ಜಗಲಿಯ ಮೇಲೆ ನಾಯಿಯೂ ಇದೆ. ನಮ್ಮ ಮನೆಯ ನಾಯಿಯ ಹೆಸರು ಕರಿಯ. ನಾಟಿ ತಳಿಯ ಗಂಡು ನಾಯಿ, ಹದಿನೈದು ಕೆ.ಜಿ. ತೂಕ.

ನನ್ನ ತಂಗಿ ಹೆರಿಗೆಗೆಂದು ತವರಿಗೆ ಬಂದಿದ್ದ ಸಮಯ. ಆಕೆಗೆ ಕೊಟ್ಟಿದ್ದ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆಗಳು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತಿದ್ದವು. ಅದೇ ಚೀಲದಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವೂ ಇತ್ತು. ಒಂದು ಬೆಳಿಗ್ಗೆ ಆರೂವರೆಗೆ ನೋಡಿದಾಗ ಚೀಲ ಹರಿದು ನೆಲದ ಮೇಲೆ ಬಿದ್ದಿತ್ತು. ಮಾತ್ರೆಯ ಸ್ಟ್ರಿಪ್‌ಗಳು ಜಗಿದು ಚೂರಾಗಿದ್ದವು. ಕರಿಯ ಬಾಗಿಲ ಬಳಿ ಏನೂ ಆಗದವನಂತೆ ಮಲಗಿದ್ದ.

ನಮ್ಮ ತಾಯಿಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣವೆಂದರು. ಪಕ್ಕದ ಮನೆಯ ಹಿರಿಯರೊಬ್ಬರು, ಅದು ರಕ್ತ ಹೆಚ್ಚಿಸುವ ಮಾತ್ರೆ, ನಾಯಿ ಇನ್ನೂ ಗಟ್ಟಿಯಾಗುತ್ತದೆ ಬಿಡಿ ಎಂದು ನಕ್ಕರು. ನಾನು ಉಪ್ಪುನೀರು ಬೇಡವೆಂದೆ, ಆದರೆ ವೈದ್ಯರ ಬಳಿಗೂ ಹೋಗಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಕರಿಯ ಎರಡು ಸಲ ವಾಂತಿ ಮಾಡಿಕೊಂಡ. ಕಪ್ಪಾದ ಭೇದಿಯೂ ಆಯಿತು. ಹನ್ನೆರಡರ ಹೊತ್ತಿಗೆ ವಾಂತಿ ನಿಂತಿತು. ನೀರು ಕುಡಿದು ಬಾಲ ಆಡಿಸಿದ. ಹೊಟ್ಟೆಯಲ್ಲಿದ್ದುದು ಹೊರಬಿತ್ತು, ಇನ್ನು ಚಿಂತೆಯಿಲ್ಲ ಎಂದು ನಾನು ನಿಶ್ಚಿಂತನಾದೆ.

ಒಂದು ಗಂಟೆಗೆ ತಂಗಿ ಜಗಿದ ಸ್ಟ್ರಿಪ್ಪಿನ ಚೂರುಗಳನ್ನು ಜೋಡಿಸಿಟ್ಟು ಕರೆದಳು. “ಅಣ್ಣಾ, ಒಂದು ಮಾತ್ರೆಯಲ್ಲಿ ಅರವತ್ತು ಮಿಲಿಗ್ರಾಂ ಕಬ್ಬಿಣ ಅಂತ ಬರೆದಿದೆ. ನಾನು ತಗೊಂಡಿದ್ದು ಒಂಬತ್ತು. ನೆಲದ ಮೇಲೆ ಆರು ಸಿಕ್ಕಿವೆ. ಮೂವತ್ತರಲ್ಲಿ ಇನ್ನು ಹದಿನೈದು ಎಲ್ಲಿ?” ಎಂದಳು.

ಹದಿನೈದು ಮಾತ್ರೆ ಎಂದರೆ 900 ಮಿ.ಗ್ರಾಂ ಕಬ್ಬಿಣ. ಹದಿನೈದು ಕೆ.ಜಿ. ನಾಯಿಗೆ ಪ್ರತಿ ಕೆ.ಜಿ. ತೂಕಕ್ಕೆ 60 ಮಿ.ಗ್ರಾಂ. ದೂರವಾಣಿಯಲ್ಲಿ ಪಶುವೈದ್ಯರಿಗೆ ಈ ಅಂಕಿಯನ್ನು ಹೇಳಿದ ಕೂಡಲೇ ಅವರು, ನಾಯಿ ಆರಾಮಾಗಿ ಕಂಡರೂ ತಡಮಾಡದೆ ಕರೆದುಕೊಂಡು ಬನ್ನಿ ಎಂದರು. ಕ್ಷ-ಕಿರಣ ಚಿತ್ರದಲ್ಲಿ ಹೊಟ್ಟೆಯೊಳಗೆ ಇನ್ನೂ ಕರಗದ ಮಾತ್ರೆಗಳು ಗುಂಪಾಗಿ ಅಂಟಿಕೊಂಡಿರುವುದು ಕಾಣಿಸಿತು. ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ತೊಳೆದರು. ರಕ್ತದಲ್ಲಿ ಸೇರಿದ್ದ ಕಬ್ಬಿಣವನ್ನು ಹಿಡಿದು ಹೊರಹಾಕುವ ಚುಚ್ಚುಮದ್ದು ಕೊಟ್ಟರು. ನಾಲ್ಕು ದಿನ ಡ್ರಿಪ್ ನಡೆಯಿತು. ಕರಿಯ ಬದುಕಿದ. ನಾನು ಎಂಜಿನಿಯರಿಂಗ್ ಓದಿದವನು. ಒಂದು ಗುಣಾಕಾರ, ಒಂದು ಭಾಗಾಕಾರದ ಆ ಲೆಕ್ಕವನ್ನು ಬೆಳಿಗ್ಗೆ ಆರೂವರೆಗೇ ಮಾಡಬೇಕಾಗಿತ್ತು. ಮಾಡದೆ ಕಳೆದದ್ದು ಆರೂವರೆ ಗಂಟೆ.

3. ಯಾವ ಮಾತ್ರೆಯಲ್ಲಿ ಅಪಾಯ ಎಷ್ಟು

ಎಲ್ಲ ವಿಟಮಿನ್‌ಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಸದಸ್ಯರು ಮುಖ್ಯವಾಗಿ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

(ಅ) ಕಬ್ಬಿಣಾಂಶ. ಗರ್ಭಿಣಿಯರ ಕೆಂಪು ಮಾತ್ರೆ ಮತ್ತು ಹದಿಹರೆಯದವರ ನೀಲಿ ಮಾತ್ರೆಗಳಲ್ಲಿ ತಲಾ 60 ಮಿ.ಗ್ರಾಂ, 5ರಿಂದ 9 ವರ್ಷದ ಮಕ್ಕಳ ಗುಲಾಬಿ ಮಾತ್ರೆಯಲ್ಲಿ 45 ಮಿ.ಗ್ರಾಂ ಕಬ್ಬಿಣವಿರುತ್ತದೆ. ಖಾಸಗಿಯಾಗಿ ಕೊಳ್ಳುವ ಹಲವು ಮಾತ್ರೆಗಳಲ್ಲಿ 100 ಮಿ.ಗ್ರಾಂ ಇರುತ್ತದೆ. ನಾಯಿಯ ದೇಹತೂಕದ ಪ್ರತಿ ಕೆ.ಜಿ.ಗೆ 20 ಮಿ.ಗ್ರಾಂಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ದೊಡ್ಡ ತೊಂದರೆಯಾಗದು. 20ರಿಂದ 60ರವರೆಗೆ ಹೊಟ್ಟೆಯ ತೊಂದರೆ ಖಚಿತ, ಚಿಕಿತ್ಸೆ ಬೇಕು. 60 ದಾಟಿದರೆ ಗಂಭೀರ. 100ರ ಮೇಲೆ ಹೋದರೆ ಪ್ರಾಣಾಪಾಯ.

ಕಬ್ಬಿಣದ ವಿಷದಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಅದರ ಹಂತಗಳು. ಮೊದಲ ಆರು ಗಂಟೆಗಳಲ್ಲಿ ಕಬ್ಬಿಣವು ಜಠರ ಮತ್ತು ಕರುಳಿನ ಒಳಪದರವನ್ನು ಸುಡುತ್ತದೆ. ಆಗ ವಾಂತಿ, ಭೇದಿ, ಕೆಲವೊಮ್ಮೆ ರಕ್ತ ಕಾಣಿಸುತ್ತದೆ. ಬಳಿಕ ಸುಮಾರು ಇಪ್ಪತ್ತನಾಲ್ಕು ಗಂಟೆಯವರೆಗೂ ನಾಯಿ ಚೇತರಿಸಿಕೊಂಡಂತೆ ಕಾಣಬಹುದು. ನಮ್ಮ ಮನೆಯಲ್ಲಿ ನಾನು ಮೋಸಹೋದದ್ದು ಈ ಹಂತದಲ್ಲಿಯೇ. ಹೊರಗೆ ಶಾಂತವಾಗಿ ಕಾಣುವ ಆ ಹೊತ್ತಿನಲ್ಲಿ ಕಬ್ಬಿಣವು ರಕ್ತದ ಮೂಲಕ ಯಕೃತ್ತು ಮತ್ತು ಹೃದಯವನ್ನು ತಲಪುತ್ತಿರುತ್ತದೆ. ಮೂರನೆಯ ಹಂತದಲ್ಲಿ, ಅರ್ಧ ದಿನದಿಂದ ನಾಲ್ಕು ದಿನದೊಳಗೆ, ನಾಯಿ ಕುಸಿದುಬೀಳುತ್ತದೆ. ಯಕೃತ್ತು ಕೆಲಸ ನಿಲ್ಲಿಸಬಹುದು. ಬದುಕುಳಿದ ನಾಯಿಗಳಲ್ಲಿಯೂ ಎರಡರಿಂದ ಆರು ವಾರಗಳ ಅನಂತರ ಸುಟ್ಟ ಗಾಯ ಮಾಯುವಾಗ ಕರುಳು ಕಿರಿದಾಗಿ ಮತ್ತೆ ವಾಂತಿ ಆರಂಭವಾಗುವುದುಂಟು.

(ಆ) ವಿಟಮಿನ್ ಡಿ3. ವಾರಕ್ಕೊಂದರಂತೆ ಹಾಲಿನಲ್ಲಿ ಬೆರೆಸಿ ಕುಡಿಯುವ ಪುಡಿಯ ಪೊಟ್ಟಣ ಅಥವಾ ಮೆತ್ತನೆಯ ಕ್ಯಾಪ್ಸೂಲ್ ಒಂದರಲ್ಲಿ 60,000 ಅಂತರರಾಷ್ಟ್ರೀಯ ಯೂನಿಟ್ ಇರುತ್ತದೆ. ತೂಕದಲ್ಲಿ ಇದು ಕೇವಲ ಒಂದೂವರೆ ಮಿ.ಗ್ರಾಂ. ನಾಯಿಯಲ್ಲಿ ಪ್ರತಿ ಕೆ.ಜಿ.ಗೆ 4,000 ಯೂನಿಟ್ ತಲಪಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಲು ಆರಂಭಿಸಿ ಮೂತ್ರಪಿಂಡಗಳು ಹಾಳಾಗುವ ಸಂಭವವಿದೆ. ಲೆಕ್ಕ ನೋಡಿರಿ: ಹದಿನೈದು ಕೆ.ಜಿ. ನಾಯಿಗೆ ಒಂದೇ ಪೊಟ್ಟಣ ಈ ಮಿತಿಯನ್ನು ಮುಟ್ಟಿಸುತ್ತದೆ. ನಾಲ್ಕು ಪೊಟ್ಟಣಗಳಾದರೆ ಮಿತಿಯ ನಾಲ್ಕು ಪಟ್ಟು. ಕೆಲವು ದೇಶಗಳಲ್ಲಿ ಇದೇ ವಿಟಮಿನ್ ಡಿ3 ಅನ್ನು ಇಲಿ ಪಾಷಾಣವಾಗಿ ಮಾರುತ್ತಾರೆ ಎಂಬುದನ್ನು ತಿಳಿದರೆ ಅದರ ಬಲ ಅರ್ಥವಾಗುತ್ತದೆ.

ಡಿ3 ವಿಷದ ಲಕ್ಷಣಗಳು ಕೂಡಲೇ ಕಾಣಿಸುವುದಿಲ್ಲ. ಹನ್ನೆರಡು ಗಂಟೆಯಿಂದ ಮೂರು ದಿನಗಳ ಅನಂತರ ಆಹಾರ ಬಿಡುವುದು, ಸುಸ್ತು, ವಾಂತಿ, ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ ಇವು ಆರಂಭವಾಗುತ್ತವೆ. ಆ ವಿಟಮಿನ್ ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕಾಗಬಹುದು. ಆದುದರಿಂದ ಲಕ್ಷಣಗಳಿಗಾಗಿ ಕಾಯುವುದು ಇಲ್ಲಿ ಅತ್ಯಂತ ದೊಡ್ಡ ತಪ್ಪು. ಗರ್ಭಿಣಿಯರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಯಲ್ಲಿಯೂ ಡಿ3 ಇದೆ, ಆದರೆ ಒಂದರಲ್ಲಿ 250 ಯೂನಿಟ್ ಮಾತ್ರ. ಹತ್ತು ಕೆ.ಜಿ. ನಾಯಿ ಹತ್ತು ಮಾತ್ರೆ ತಿಂದರೂ ಪ್ರತಿ ಕೆ.ಜಿ.ಗೆ ಬರುವುದು 250 ಯೂನಿಟ್. ಅಲ್ಲಿ ಹೊಟ್ಟೆ ಕೆಡುವುದು ಅಥವಾ ಮಲಬದ್ಧತೆಯೇ ಹೆಚ್ಚು. ಒಂದು ಸ್ಟ್ರಿಪ್ ಮಾತ್ರೆಗಿಂತ ಒಂದು ಪೊಟ್ಟಣ ಪುಡಿ ಹೆಚ್ಚು ಅಪಾಯಕಾರಿ ಎಂಬುದನ್ನು ಕಣ್ಣಳತೆಯಿಂದ ತಿಳಿಯಲಾಗದು, ಚೀಟಿ ಓದಿದರೆ ಮಾತ್ರ ತಿಳಿಯುತ್ತದೆ. ಕೋಳಿ ಮತ್ತು ಹಸುಗಳಿಗೆ ಕೊಡುವ ಎ, ಡಿ3, ಇ ವಿಟಮಿನ್‌ಗಳ ದ್ರಾವಣವೂ ಸಾಂದ್ರವಾದುದು. ಕೊಟ್ಟಿಗೆಯ ಬಾಟಲಿಯನ್ನು ನಾಯಿ ಕಚ್ಚಿ ಒಡೆದಾಗಲೂ ಇದೇ ಎಚ್ಚರ ಬೇಕು.

(ಇ) ಜೈಲಿಟಾಲ್. ಸಕ್ಕರೆರಹಿತ ಎಂದು ಮಾರುವ ಚೀಪುವ ವಿಟಮಿನ್‌ಗಳು ಮತ್ತು ಮಕ್ಕಳ ಗಮ್ಮಿಗಳಲ್ಲಿ ಕೆಲವೊಮ್ಮೆ ಜೈಲಿಟಾಲ್ ಎಂಬ ಸಿಹಿವಸ್ತು ಇರುತ್ತದೆ. ಮನುಷ್ಯರಿಗೆ ನಿರಪಾಯಕಾರಿಯಾದ ಇದು ನಾಯಿಯಲ್ಲಿ ಇನ್ಸುಲಿನ್ ಅನ್ನು ಒಮ್ಮೆಲೇ ಹೆಚ್ಚಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಹತ್ತು ಕೆ.ಜಿ. ನಾಯಿಗೆ ಒಂದು ಗ್ರಾಂ ಸಾಕು. ಅರ್ಧ ಗಂಟೆಯಲ್ಲಿಯೇ ತೂರಾಡುವುದು, ನಡುಕ, ಅಪಸ್ಮಾರ ಬರಬಹುದು. ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತು ಕೆಡುತ್ತದೆ.

(ಈ) ನರದ ಮಾತ್ರೆ. ಸಕ್ಕರೆ ಕಾಯಿಲೆಯವರ ಕೈಕಾಲು ಉರಿ, ಜೋಮಿಗೆ ಕೊಡುವ ಬಿ12 ಮಾತ್ರೆಗಳಲ್ಲಿ ಹಲವಕ್ಕೆ ಆಲ್ಫಾ ಲಿಪೋಯಿಕ್ ಆಮ್ಲವನ್ನು, ಕೆಲವಕ್ಕೆ ಪ್ರಿಗಾಬಲಿನ್ ಎಂಬ ಔಷಧವನ್ನು ಸೇರಿಸಿರುತ್ತಾರೆ. ಮೊದಲನೆಯದು ಹೆಚ್ಚಾದರೆ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಿ ಯಕೃತ್ತನ್ನು ಬಾಧಿಸುತ್ತದೆ. ಎರಡನೆಯದು ಮಂಪರು ತರುತ್ತದೆ. ಮನೆಯವರು ಇದನ್ನು ‘ಬರೀ ವಿಟಮಿನ್’ ಎಂದು ಹೇಳುವುದರಿಂದ ವೈದ್ಯರಿಗೆ ತಪ್ಪು ಮಾಹಿತಿ ಹೋಗುತ್ತದೆ.

ಇವುಗಳನ್ನು ಬಿಟ್ಟು ಕೇವಲ ಬಿ ಕಾಂಪ್ಲೆಕ್ಸ್ ಅಥವಾ ವಿಟಮಿನ್ ಸಿ ಮಾತ್ರೆಯಾದರೆ ಹೆಚ್ಚಿನಾಂಶ ಮೂತ್ರದಲ್ಲಿ ಹೊರಹೋಗುತ್ತದೆ. ಸ್ವಲ್ಪ ಭೇದಿಯಾಗಬಹುದು. ಆದರೆ ಯಾವ ಮಾತ್ರೆಯೇ ಆಗಲಿ, ಸ್ಟ್ರಿಪ್ಪಿನ ಅಲ್ಯೂಮಿನಿಯಂ ಹಾಳೆಯನ್ನೂ ನುಂಗಿದ್ದರೆ ಅದು ಕರುಳಿಗೆ ಗಾಯ ಮಾಡಬಹುದು ಅಥವಾ ಅಡ್ಡವಾಗಿ ಸಿಕ್ಕಿಕೊಳ್ಳಬಹುದು.

4. ಲೆಕ್ಕ ಮಾಡುವ ಕ್ರಮ

ಸೂತ್ರ ಒಂದೇ: ಕಾಣೆಯಾದ ಮಾತ್ರೆಗಳ ಸಂಖ್ಯೆಯನ್ನು ಒಂದು ಮಾತ್ರೆಯಲ್ಲಿರುವ ಅಂಶದಿಂದ ಗುಣಿಸಿ, ನಾಯಿಯ ತೂಕದಿಂದ ಭಾಗಿಸಬೇಕು.

ಮಾತ್ರೆಗಳ ಸಂಖ್ಯೆಯನ್ನು ಎಣಿಸುವಾಗ ಕಾಣದ ಮಾತ್ರೆಯೆಲ್ಲ ಹೊಟ್ಟೆಗೆ ಹೋಗಿದೆ ಎಂದೇ ಹಿಡಿಯಬೇಕು. ಸೇತುವೆ ಕಟ್ಟುವಾಗ ಬರಬಹುದಾದ ಅತಿ ಹೆಚ್ಚಿನ ಭಾರವನ್ನು ಲೆಕ್ಕಕ್ಕೆ ಹಿಡಿಯುವಂತೆ ಇಲ್ಲಿಯೂ. ಎರಡು ನಾಯಿಗಳಿದ್ದು ಯಾವುದು ತಿಂದಿತೆಂದು ತಿಳಿಯದಿದ್ದರೆ, ಪ್ರತಿಯೊಂದೂ ಪೂರ್ತಿ ತಿಂದಿದೆ ಎಂದು ಭಾವಿಸಿ ಎರಡನ್ನೂ ತೋರಿಸಬೇಕು.

ಕಬ್ಬಿಣದ ಚೀಟಿಯನ್ನು ಓದುವಾಗ ಒಂದು ಎಚ್ಚರ ಬೇಕು. ಚೀಟಿಯ ಮೇಲೆ ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಆಸ್ಕೋರ್ಬೇಟ್ ಮುಂತಾದ ಲವಣದ ಹೆಸರು ಇರುತ್ತದೆ. ಲವಣದ ಪೂರ್ಣ ತೂಕ ಬೇರೆ, ಅದರಲ್ಲಿರುವ ಶುದ್ಧ ಕಬ್ಬಿಣದ ತೂಕ ಬೇರೆ. ‘ಎಲಿಮೆಂಟಲ್ ಐರನ್’ ಎಂದು ನಮೂದಿಸಿರುವ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಯಿಯ ತೂಕ ತಿಳಿಯದಿದ್ದರೆ, ಮನೆಯವರು ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ತೂಗಿ, ಬಳಿಕ ತಾವೊಬ್ಬರೇ ನಿಂತು ತೂಗಿ, ಕಳೆಯಬಹುದು. ಆರೋಗ್ಯ ಉಪಕೇಂದ್ರದ ತೂಕದ ಯಂತ್ರ ಅಥವಾ ನ್ಯಾಯಬೆಲೆ ಅಂಗಡಿಯ ತಕ್ಕಡಿ ಸಾಕು. ಹತ್ತಿರ ಇಲ್ಲದಿದ್ದರೆ ತೂಕವನ್ನು ಸ್ವಲ್ಪ ಕಡಿಮೆಯಾಗಿಯೇ ಅಂದಾಜಿಸಬೇಕು. ತೂಕಕ್ಕಾಗಿ ಹೊತ್ತು ಕಳೆಯಬಾರದು.

ಉದಾಹರಣೆ: ಮೂರು ಕೆ.ಜಿ. ತೂಕದ ಮರಿಯೊಂದು ಮೂರು ಕೆಂಪು ಮಾತ್ರೆ ತಿಂದಿದೆ. 3 × 60 = 180 ಮಿ.ಗ್ರಾಂ. 180 ÷ 3 = 60. ಮೂರೇ ಮಾತ್ರೆಯಾದರೂ ಮರಿ ಗಂಭೀರ ಮಿತಿಯಲ್ಲಿದೆ. ಅದೇ ಮೂರು ಮಾತ್ರೆಗಳನ್ನು ಇಪ್ಪತ್ತು ಕೆ.ಜಿ. ನಾಯಿ ತಿಂದಿದ್ದರೆ ಪ್ರತಿ ಕೆ.ಜಿ.ಗೆ 9 ಮಿ.ಗ್ರಾಂ ಮಾತ್ರ.

ಈ ಲೆಕ್ಕ ವೈದ್ಯರಿಗೆ ಸರಿಯಾದ ಮಾಹಿತಿ ಕೊಡುವುದಕ್ಕೆ. ಮನೆಯಲ್ಲಿಯೇ ಉಳಿಯುವ ನೆಪಕ್ಕಲ್ಲ. ಅಂಕಿ ಕಡಿಮೆ ಬಂದರೂ ಪಶುವೈದ್ಯರಿಗೆ ಒಂದು ಕರೆ ಮಾಡಲೇಬೇಕು. ಗಬ್ಬದ ನಾಯಿ, ಮರಿ, ಮುದಿ ನಾಯಿ ಅಥವಾ ಮೊದಲೇ ಕಾಯಿಲೆಯಿರುವ ನಾಯಿಯಾದರೆ ಮಿತಿಗಳನ್ನು ನಂಬದೆ ನೇರವಾಗಿ ಕರೆದೊಯ್ಯಬೇಕು.

5. ಮೊದಲ ಗಂಟೆಯಲ್ಲಿ ಮಾಡಬೇಕಾದುದು

1. ಉಳಿದ ಮಾತ್ರೆಗಳನ್ನು ನಾಯಿಯಿಂದ ದೂರ ಸರಿಸಿ, ನಾಯಿಯನ್ನು ಒಂದೆಡೆ ಕಟ್ಟಬೇಕು. ಅದು ತಿನ್ನಲು ಆರಂಭಿಸಿದ ಸಮಯವನ್ನು ಅಂದಾಜಿಸಿ ಬರೆದುಕೊಳ್ಳಬೇಕು.

2. ಸ್ಟ್ರಿಪ್, ಡಬ್ಬಿ, ಚೀಟಿಯ ಚೂರುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಬೇಕು. ಕಸವೆಂದು ಗುಡಿಸಿ ಎಸೆಯಬಾರದು. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಇದು.

3. ಮೇಲಿನ ಲೆಕ್ಕವನ್ನು ಮಾಡಿ ಪಶುವೈದ್ಯರಿಗೆ ಕರೆ ಮಾಡಬೇಕು. ಮಾತ್ರೆಯ ಹೆಸರು, ಸಂಖ್ಯೆ, ತಿಂದ ಸಮಯ, ನಾಯಿಯ ತೂಕ, ಈಗಿನ ಸ್ಥಿತಿ ಈ ಐದು ಅಂಶಗಳನ್ನು ಹೇಳಬೇಕು. ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರು ಸಿಗದಿದ್ದರೆ 1962 ಸಂಖ್ಯೆಗೆ ಕರೆ ಮಾಡಬಹುದು. ಅದು ಸಂಚಾರಿ ಪಶು ಚಿಕಿತ್ಸಾ ಘಟಕಗಳ ಉಚಿತ ಕರೆ ಸಂಖ್ಯೆ.

4. ವೈದ್ಯರು ಬರಹೇಳಿದರೆ ತಡಮಾಡದೆ ಹೊರಡಬೇಕು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ದೊಡ್ಡವು. ಆದರೆ ಕನಕಪುರ ರಸ್ತೆಯ ಕಡೆಯವರು ಹೆಬ್ಬಾಳ ಮುಟ್ಟಲು ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕು. ಮೊದಲು ಹತ್ತಿರದ ಪಶುವೈದ್ಯರಲ್ಲಿ ವಾಂತಿ ಮಾಡಿಸಿ, ಬಳಿಕ ದೊಡ್ಡ ಆಸ್ಪತ್ರೆಗೆ ಹೋಗುವುದು ಅನೇಕ ವೇಳೆ ಜಾಣತನ. ಹೊರಡುವ ಮೊದಲು ಆಸ್ಪತ್ರೆ ತೆರೆದಿದೆಯೇ ಎಂದು ಕೇಳಿಕೊಳ್ಳಬೇಕು.

5. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ದಪ್ಪ ಟವಲಿನಲ್ಲಿ ಸುತ್ತಿ ಎತ್ತಬೇಕು. ವಾಂತಿಯಾಗುತ್ತಿದ್ದರೆ ಬಾಯಿ ಕಟ್ಟಬಾರದು, ಉಸಿರು ಕಟ್ಟುತ್ತದೆ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

6. ಸಕ್ಕರೆರಹಿತ ವಿಟಮಿನ್ ತಿಂದ ನಾಯಿ ತೂರಾಡುತ್ತಿದ್ದರೆ, ದಾರಿಯಲ್ಲಿ ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಅದರ ಒಸಡಿಗೆ ಸವರಬಹುದು. ಬಾಯಿಗೆ ಸುರಿಯಬಾರದು.

6. ಮಾಡಬಾರದುದು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಎಲ್ಲರೂ ಬಲ್ಲ ಉಪಾಯ. ನಾಯಿಗೆ ಇದು ಎರಡನೆಯ ವಿಷ. ವಾಂತಿಯಾಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರಿ ಮಿದುಳಿಗೆ ತೊಂದರೆಯಾಗಿ ಅಪಸ್ಮಾರ ಬರುತ್ತದೆ. ಹುಣಿಸೆಹಣ್ಣಿನ ನೀರು, ಎಣ್ಣೆ, ಸೋಪಿನ ನೀರುಗಳನ್ನು ಗಂಟಲಿಗೆ ಸುರಿದಾಗ ಶ್ವಾಸಕೋಶಕ್ಕೆ ಹೋಗಿ ನ್ಯೂಮೋನಿಯಾ ಆಗಬಹುದು. ಗಂಟಲಿಗೆ ಬೆರಳು ಹಾಕುವುದರಿಂದ ಗಾಯವೂ ಕಚ್ಚುವಿಕೆಯೂ ಆಗುತ್ತವೆ. ಈಗಾಗಲೇ ವಾಂತಿ ಮಾಡಿಕೊಳ್ಳುತ್ತಿರುವ, ತೂರಾಡುತ್ತಿರುವ ಅಥವಾ ಪ್ರಜ್ಞೆ ಮಂದವಾದ ನಾಯಿಗೆ ವಾಂತಿ ಮಾಡಿಸುವುದಂತೂ ಅಪಾಯ.

ಹಾಲು ವಿಷವನ್ನು ಮುರಿಯುತ್ತದೆ ಎಂಬ ನಂಬಿಕೆಯೂ ಇದೆ. ಡಿ3 ತಿಂದ ನಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಏರುವುದೇ ರೋಗ. ಹಾಲು ಅದಕ್ಕೆ ಮತ್ತಷ್ಟು ಕ್ಯಾಲ್ಸಿಯಂ ಸೇರಿಸುತ್ತದೆ. ಇದ್ದಿಲು ಅರೆದು ತಿನ್ನಿಸುವವರೂ ಇದ್ದಾರೆ. ಒಲೆಯ ಇದ್ದಿಲಿಗೂ ಔಷಧದ ಇದ್ದಿಲಿಗೂ ವ್ಯತ್ಯಾಸವಿದೆ. ಅಲ್ಲದೆ ಔಷಧದ ಇದ್ದಿಲು ಕೂಡ ಕಬ್ಬಿಣವನ್ನು ಹಿಡಿದಿಡಲಾರದು.

ಕೊನೆಯದಾಗಿ, ಒಂದೆರಡು ಸಲ ವಾಂತಿಯಾದ ಮೇಲೆ ನಾಯಿ ಗೆಲುವಾಗಿ ಕಂಡರೆ ಗುಣವಾಯಿತೆಂದು ತಿಳಿಯಬಾರದು.

7. ಪಶುವೈದ್ಯರು ಮಾಡುವುದೇನು

ತಿಂದು ಹೆಚ್ಚು ಹೊತ್ತಾಗದಿದ್ದರೆ ಚುಚ್ಚುಮದ್ದಿನಿಂದ ಸುರಕ್ಷಿತವಾಗಿ ವಾಂತಿ ಮಾಡಿಸುತ್ತಾರೆ. ತಡವಾಗಿದ್ದರೆ ಹೊಟ್ಟೆಯನ್ನು ತೊಳೆಯಬೇಕಾಗಬಹುದು. ಕಬ್ಬಿಣದ ಮಾತ್ರೆಗಳು ಕ್ಷ-ಕಿರಣದಲ್ಲಿ ಹೆಚ್ಚಾಗಿ ಕಾಣುತ್ತವೆ. ಹಾಗಾಗಿ ಉಳಿದಿವೆಯೇ ಎಂದು ನೋಡಬಹುದು. ರಕ್ತದ ಕಬ್ಬಿಣದ ಮಟ್ಟವನ್ನು ಪರೀಕ್ಷಿಸಿ, ಅಗತ್ಯವಾದರೆ ಡೆಫೆರಾಕ್ಸಮಿನ್ ಎಂಬ ಔಷಧ ಕೊಡುತ್ತಾರೆ. ಡಿ3 ವಿಷವಾದರೆ ಡ್ರಿಪ್ ಹಾಕಿ, ರಕ್ತದ ಕ್ಯಾಲ್ಸಿಯಂ, ರಂಜಕ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಹಲವು ದಿನ ಸತತವಾಗಿ ಮಾಡುತ್ತಾರೆ. ಮೊದಲ ದಿನದ ವರದಿ ಸರಿಯಿದ್ದರೂ ಮೂರನೆಯ ದಿನದ ಪರೀಕ್ಷೆಯನ್ನು ತಪ್ಪಿಸಬಾರದು. ಮೊದಲೆರಡು ಗಂಟೆಗಳಲ್ಲಿ ಹೋದರೆ ಒಂದು ಚುಚ್ಚುಮದ್ದಿನಲ್ಲಿ ಮುಗಿಯಬಹುದಾದ ಚಿಕಿತ್ಸೆ, ತಡವಾದರೆ ನಾಲ್ಕು ದಿನದ ಡ್ರಿಪ್ ಆಗುತ್ತದೆ. ನಮಗೆ ತಗುಲಿದ ವೆಚ್ಚ ಮನೆಯ ಒಂದು ತಿಂಗಳ ಖರ್ಚಿಗಿಂತ ಹೆಚ್ಚು. ಕೂಲಿಯಿಂದ ಬದುಕುವ ಕುಟುಂಬ ಅದನ್ನು ಭರಿಸಲಾರದು. ಬಡವರ ಮನೆಯ ನಾಯಿ ಉಳಿಯಬೇಕಾದರೆ ಆ ಮೊದಲ ಗಂಟೆಯೇ ಉಳಿದಿರುವ ದಾರಿ.

8. ಮಕ್ಕಳ ವಿಷಯ

ನಾಯಿಗೆ ಎಟುಕಿದ ಎತ್ತರ ಅಂಬೆಗಾಲಿಡುವ ಮಗುವಿಗೂ ಎಟುಕುತ್ತದೆ. ಕೆಂಪು ಬಣ್ಣದ ಮಾತ್ರೆ ಮಗುವಿಗೆ ಮಿಠಾಯಿಯಂತೆ ಕಾಣುತ್ತದೆ. ಹತ್ತು ಕೆ.ಜಿ. ತೂಕದ ಮಗು ತಾಯಿಯ ಹತ್ತು ಮಾತ್ರೆ ನುಂಗಿದರೆ ಬರುವ ಲೆಕ್ಕವೂ ಪ್ರತಿ ಕೆ.ಜಿ.ಗೆ 60 ಮಿ.ಗ್ರಾಂ, ಅಪಾಯವೂ ಅದೇ. ಅಮೆರಿಕದಲ್ಲಿ ಕಬ್ಬಿಣದ ಮಾತ್ರೆಗಳಿಂದ ಎಳೆಯ ಮಕ್ಕಳು ಸಾಯುತ್ತಿದ್ದುದನ್ನು ಕಂಡು, 1997ರಲ್ಲಿ 30 ಮಿ.ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಕಬ್ಬಿಣವಿರುವ ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಬೇಕಾದ ಪೊಟ್ಟಣದಲ್ಲಿಯೇ ಮಾರಬೇಕೆಂಬ ನಿಯಮವನ್ನು ಹೊರಡಿಸಿದರು. ನಮ್ಮ ಸ್ಟ್ರಿಪ್‌ಗಳೂ ಅಂಥವೇ. ಒಂದೊಂದನ್ನೇ ಒತ್ತಿ ತೆಗೆಯುವುದರಲ್ಲಿ ಮಗುವಿಗೆ ತಡವಾಗುತ್ತದೆ, ಅಷ್ಟರಲ್ಲಿ ಯಾರಾದರೂ ನೋಡುತ್ತಾರೆ. ನಾಯಿಗೆ ಆ ತಡೆ ಇಲ್ಲ, ಅದು ಸ್ಟ್ರಿಪ್ಪನ್ನೇ ಜಗಿಯುತ್ತದೆ. ಮಗು ತಿಂದಿದ್ದರೆ ಮನೆಯಲ್ಲಿ ವಾಂತಿ ಮಾಡಿಸದೆ, ಸ್ಟ್ರಿಪ್ಪನ್ನು ಹಿಡಿದುಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

9. ಗ್ರಾಮ ಪಂಚಾಯಿತಿಯ ಪಾತ್ರ

ಮಾತ್ರೆ ವಿತರಣೆಯನ್ನು ಕಡಿಮೆ ಮಾಡಬೇಕೆಂದು ಈ ಲೇಖನ ಹೇಳುತ್ತಿಲ್ಲ. ರಕ್ತಹೀನತೆ ತಾಯಂದಿರ ಪ್ರಾಣ ತೆಗೆಯುವ ರೋಗ. ಆ ಮಾತ್ರೆಗಳು ಪ್ರತಿ ಗರ್ಭಿಣಿಗೂ ತಲಪಲೇಬೇಕು, ಆಕೆ ನುಂಗಲೇಬೇಕು. ತಲಪಿದ ಮೇಲೆ ಅವು ಎಲ್ಲಿ ಇರುತ್ತವೆ ಎಂಬುದಷ್ಟೇ ಪ್ರಶ್ನೆ. ಹೊಸ ಅನುದಾನವಿಲ್ಲದೆ, ಇರುವ ವ್ಯವಸ್ಥೆಯಲ್ಲಿಯೇ ಸದಸ್ಯರು ತಮ್ಮ ವಾರ್ಡಿನಲ್ಲಿ ಮಾಡಿಸಬಹುದಾದ ಕೆಲಸಗಳು ಹೀಗಿವೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ದಿನದಂದು ಮಾತ್ರೆ ಕೊಡುವಾಗ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಎತ್ತರದ ಗೂಡಿನಲ್ಲಿ ಇಡಿರಿ, ತಿಂಡಿಯ ಜೊತೆ ಇಡಬೇಡಿರಿ ಎಂಬ ಒಂದು ಮಾತನ್ನು ಆಶಾ ಕಾರ್ಯಕರ್ತೆಯರು ಸೇರಿಸುವಂತೆ ಕೋರಬಹುದು. ಡಬ್ಬಿ ಕಣ್ಣಿಗೆ ಕಾಣುವ ಜಾಗದಲ್ಲಿಯೇ ಇರಬೇಕು. ಕಾಣದಿದ್ದರೆ ತಾಯಿ ಮಾತ್ರೆ ನುಂಗುವುದನ್ನೇ ಮರೆಯುತ್ತಾಳೆ.

ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಾತ್ರೆಯ ದಾಸ್ತಾನು ಬೀಗವಿರುವ ಬೀರುವಿನಲ್ಲಿ ಇದೆಯೇ ಎಂಬುದನ್ನು ಭೇಟಿಯ ವೇಳೆ ನೋಡಬೇಕು. ಆಹಾರದ ವಾಸನೆಗೆ ನಾಯಿಗಳು ಬರುವುದು ಸಹಜ. ಮುರಿದ ಬಾಗಿಲು, ಕಿಟಕಿಗಳ ದುರಸ್ತಿ ಪಂಚಾಯಿತಿಯಿಂದಲೇ ಆಗಬಹುದಾದ ಕೆಲಸ.

ಅವಧಿ ಮೀರಿದ ಮಾತ್ರೆಗಳನ್ನು ತಿಪ್ಪೆಗೆ ಎಸೆಯುವುದರಿಂದ ಬೀದಿ ನಾಯಿ, ಹಸು, ಕೋಳಿಗಳಿಗೆಲ್ಲ ಅಪಾಯ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ವರ್ಗೀಕರಿಸಿದ್ದವು. ಸ್ವಚ್ಛ ವಾಹಿನಿಯ ಸಿಬ್ಬಂದಿ ಇವನ್ನು ಹಸಿ ಕಸ, ಒಣ ಕಸಗಳಿಂದ ಬೇರೆಯಾಗಿ ಪಡೆಯುವಂತೆ ಸೂಚಿಸಬೇಕು. ಅಂಗನವಾಡಿಯಲ್ಲಿ ಉಳಿದ ದಾಸ್ತಾನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಿಂದಿರುಗಿಸಬೇಕು.

ಪಂಚಾಯಿತಿ ಸೂಚನಾ ಫಲಕದಲ್ಲಿ ಹತ್ತಿರದ ಪಶುವೈದ್ಯಾಧಿಕಾರಿಯ ಕಚೇರಿಯ ದೂರವಾಣಿ, ಕೆಲಸದ ವೇಳೆ ಮತ್ತು 1962 ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಬರೆಸುವ ಮೊದಲು ಆ ಸಂಖ್ಯೆಗೆ ಒಮ್ಮೆ ಕರೆ ಮಾಡಿ ಯಾರು ಎತ್ತುತ್ತಾರೆ ಎಂದು ಪರೀಕ್ಷಿಸಬೇಕು.

ಒಡೆಯನಿಲ್ಲದ ನಾಯಿ ಹೀಗೆ ಸಿಲುಕಿದರೆ ಯಾರ ಹೊಣೆ ಎಂಬ ಪ್ರಶ್ನೆ ಬರುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ತುರ್ತು ಚಿಕಿತ್ಸೆಗೆ ಯಾರಿಗೆ ಕರೆ ಮಾಡಬೇಕು, ವಾಹನ ಯಾರದು ಎಂಬುದನ್ನು ಪಶುವೈದ್ಯಾಧಿಕಾರಿಯವರೊಂದಿಗೆ ಮೊದಲೇ ಮಾತನಾಡಿ ಗೊತ್ತುಮಾಡಿಕೊಂಡರೆ ಆ ಹೊತ್ತಿನಲ್ಲಿ ಗೊಂದಲವಿರುವುದಿಲ್ಲ.

10. ಸಭೆಯಲ್ಲಿ ಚರ್ಚೆಗೆ

1. ಹನ್ನೆರಡು ಕೆ.ಜಿ. ತೂಕದ ನಾಯಿಯೊಂದು 60,000 ಯೂನಿಟ್‌ನ ಎರಡು ಡಿ3 ಪೊಟ್ಟಣಗಳನ್ನು ತಿಂದಿದೆ. ಪ್ರತಿ ಕೆ.ಜಿ.ಗೆ ಎಷ್ಟಾಯಿತು? ನಾಯಿ ಲವಲವಿಕೆಯಿಂದಿದೆ. ಮನೆಯವರಿಗೆ ತಾವು ಏನು ಹೇಳುವಿರಿ? (ಉತ್ತರ: 10,000 ಯೂನಿಟ್. ಮಿತಿಯ ಎರಡೂವರೆ ಪಟ್ಟು. ಕೂಡಲೇ ವೈದ್ಯರಲ್ಲಿಗೆ.)

2. ನಮ್ಮ ವಾರ್ಡಿನ ಅಂಗನವಾಡಿಯಲ್ಲಿ ಮಾತ್ರೆಗಳು ಎಲ್ಲಿವೆ? ಯಾರು ನೋಡಿ ಬಂದಿದ್ದಾರೆ?

3. ಭಾನುವಾರ ರಾತ್ರಿ ನಮ್ಮ ಊರಿನಲ್ಲಿ ನಾಯಿಗೆ ತುರ್ತು ಚಿಕಿತ್ಸೆ ಬೇಕಾದರೆ ಮೊದಲ ಕರೆ ಯಾರಿಗೆ?

ಕರಿಯನ ಘಟನೆಯ ಅನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆ ಚಿಕ್ಕದು. ತಂಗಿಯ ಮಾತ್ರೆಗಳು ಹಳೆಯ ಸ್ಟೀಲ್ ಡಬ್ಬಿಯೊಂದನ್ನು ಸೇರಿ ದೇವರ ಗೂಡಿನ ಪಕ್ಕಕ್ಕೆ ಏರಿದವು. ಡಬ್ಬಿಯ ಮುಚ್ಚಳದ ಮೇಲೆ ಆಕೆಯೇ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ ಕರಿಯನ ತೂಕವನ್ನೂ ಬರೆದು ಅಂಟಿಸಿದ್ದಾಳೆ. ಮಗುವಿಗೆ ಈಗ ಹತ್ತು ತಿಂಗಳು. ಅಂಬೆಗಾಲಿಡುತ್ತಾ ಕರಿಯನ ಹಿಂದೆಯೇ ಮನೆಯೆಲ್ಲ ಸುತ್ತುತ್ತದೆ. ಆ ಡಬ್ಬಿ ಇನ್ನೂ ಮೇಲೆಯೇ ಇದೆ.